ಕಲ್ಪವೃಕ್ಷದ ಸೀಮೆಯಲ್ಲಿ ಪ್ರಸಾದದೃಷ್ಟಿ

ತುರುವೇಕೆರೆ ತಾಲ್ಲೂಕಿನ ದಬ್ಬೇಘಟ್ಟ ಹೋಬಳಿಯಲ್ಲಿ ತೆಂಗು ಕೇವಲ ಬೆಳೆಯಲ್ಲ, ಮನೆಯ ಮಗನಂತೆ ಬೆಳೆಸಿದ ಮರ. ಸೋಗೆ ಸೂರಿಗೆ, ಮಟ್ಟೆ ಒಲೆಗೆ, ನಾರು ಹಗ್ಗಕ್ಕೆ, ಕಾಯಿ ಪೂಜೆಗೂ ಅಡಿಗೆಗೂ ಸಲ್ಲುತ್ತದೆ. ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿದ ಕಾಯಿಯನ್ನು ಸುಲಿದು ತೆಗೆದ ಉಂಡೆಕೊಬ್ಬರಿ ತಿಪಟೂರಿನ ಮಾರುಕಟ್ಟೆಗೆ ಹೋಗುತ್ತದೆ. ಅಲ್ಲಿ ಕ್ವಿಂಟಾಲಿಗೆ ದೊರೆಯುವ ಧಾರಣೆಯ ಮೇಲೆ ಮಕ್ಕಳ ವಿದ್ಯಾಭ್ಯಾಸ, ವಿವಾಹ, ಸಾಲದ ಮರುಪಾವತಿಗಳೆಲ್ಲ ನಿಂತಿವೆ. ಆದುದರಿಂದ ಒಕ್ಕಲು ಮಕ್ಕಳು ತೋಟವನ್ನು ಧಾರಣೆಯ ಕಣ್ಣಿನಿಂದ ನೋಡುವುದು ಸಹಜ, ಅದನ್ನು ಹಳಿಯಲಾಗದು. ಆದರೆ ಧಾರಣೆಯಿಲ್ಲದ ವಸ್ತುಗಳು ಆ ಕಣ್ಣಿಗೆ ಬೀಳದೆ ಹೋಗುತ್ತಿರುವುದು ಚಿಂತಿಸಬೇಕಾದ ವಿಷಯ.

ತೆಂಗಿನದು ನಾರುಬೇರು. ಬಹುಪಾಲು ಬೇರುಗಳು ಮೇಲಿನ 4-5 ಅಡಿ ಮಣ್ಣಿನಲ್ಲಿಯೇ ಹರಡಿರುತ್ತವೆ. ನೂರಾರು ಅಡಿ ಆಳದ ಅಂತರ್ಜಲವನ್ನು ಅವು ತಾವಾಗಿ ಮುಟ್ಟಲಾರವು. ಮೇಲ್ಮಣ್ಣಿನಲ್ಲಿ ತೇವ ನಿಂತರೆ ಮಾತ್ರ ಮರ ಬದುಕುತ್ತದೆ. ಹಿಂದೆ ಆ ತೇವವನ್ನು ಕಾಯುತ್ತಿದ್ದವು ಊರ ಕೆರೆ, ಹೊಲದ ಬದು, ಬದುವಿನ ಹೊಂಗೆ. ಹಿರಿಯರು ಬೇಸಿಗೆಯಲ್ಲಿ ಕೆರೆಯ ಗೋಡನ್ನು ಗಾಡಿಗಳಲ್ಲಿ ತಂದು ತೋಟಕ್ಕೆ ಹೊಡೆಯುತ್ತಿದ್ದರು, ಹೊಂಗೆಸೊಪ್ಪನ್ನು ಬುಡಕ್ಕೆ ಹಾಕುತ್ತಿದ್ದರು. ಇದರಿಂದ ತೋಟಕ್ಕೆ ಸಾರ ದೊರೆತು ಕೆರೆಯ ಹೂಳೂ ತೆರವಾಗುತ್ತಿತ್ತು. ಕೊಳವೆಬಾವಿ ಬಂದ ಮೇಲೆ ಈ ಕಾಯಕ ಹಿಂದೆ ಸರಿಯಿತು. 2016-17ರ ಬರದಲ್ಲಿ ಕೊಳವೆಬಾವಿಗಳು ಬತ್ತಿದಾಗ ಈ ಸೀಮೆಯಲ್ಲಿ ದಶಕಗಳ ಕಾಲ ಫಲವಿತ್ತ ಮರಗಳು ಗರಿ ಜೋತು ಒಣಗಿದವು.

ಮತ್ತೊಂದು ನಿದರ್ಶನ ನೋಡಿ. ಕಪ್ಪುತಲೆ ಹುಳು ಗರಿಯ ಹಸಿರನ್ನು ತಿಂದು ತೋಟವೇ ಸುಟ್ಟಂತೆ ಮಾಡುತ್ತದೆ. ಗೋನಿಯೋಜಸ್ ಎಂಬ ಇರುವೆಯಷ್ಟು ಚಿಕ್ಕ ಕಣಜವು ಆ ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುತ್ತದೆ. ಇದನ್ನು ಪ್ರಯೋಗಾಲಯದಲ್ಲಿ ಬೆಳೆಸಿ ತೋಟಗಳಿಗೆ ಬಿಡುವ ಪದ್ಧತಿಯೂ ಇದೆ. ವಿವೇಚನೆಯಿಲ್ಲದೆ ವಿಷ ಸಿಂಪಡಿಸಿದರೆ ಹುಳುವಿನೊಡನೆ ಈ ಉಪಕಾರಿಯೂ ಸಾಯುತ್ತದೆ.

ಶರಣರ ದೃಷ್ಟಿ ಇಲ್ಲಿ ನಮಗೆ ದಾರಿ ತೋರುತ್ತದೆ. ನಾವು ಉಣ್ಣುವುದೆಲ್ಲವೂ ಪರಶಿವನ ಕೊಡುಗೆಯೆಂದು ಜೇಡರ ದಾಸಿಮಯ್ಯನವರು ತಿಳಿದಿದ್ದರು. ಅಕ್ಕಮಹಾದೇವಿಯವರು ಗಿಳಿ ಕೋಗಿಲೆಗಳನ್ನು ತಮ್ಮ ದೇವನ ಸುಳಿವು ಬಲ್ಲ ಬಂಧುಗಳೆಂದು ಮಾತನಾಡಿಸಿದರು. ಪ್ರಸಾದವನ್ನು ಕೈಯೊಡ್ಡಿ ಸ್ವೀಕರಿಸುವ ಭಕ್ತನು ಒಂದು ಅಗುಳನ್ನೂ ಚೆಲ್ಲುವುದಿಲ್ಲ. ನೀರು, ಮಣ್ಣುಗಳನ್ನೂ ಹಾಗೆಯೇ ಕಂಡರೆ ಅವುಗಳಿಗೆ ಮರಳಿ ಸಲ್ಲಿಸುವ ಸೇವೆಯು ದಾಸೋಹವೇ ಆಗುತ್ತದೆ.

ಬಸವ ಜಯಂತಿಯು ಮಳೆಗಾಲಕ್ಕೆ ಮುನ್ನ ಬರುತ್ತದೆ. ಕೆರೆಯಂಗಳ ಒಣಗಿರುವ ಆ ದಿನಗಳಲ್ಲಿ ಊರಿನವರು ಕೂಡಿ, ಪಂಚಾಯಿತಿಯ ಅನುಮತಿ ಪಡೆದು ಗೋಡು ತೆಗೆಯಬಹುದು. ಮೊದಲ ಮಳೆ ಬಿದ್ದೊಡನೆ ಪ್ರತಿ ಮನೆಯವರೂ ತಮ್ಮ ಬದುವಿನಲ್ಲಿ ಎರಡು ಹೊಂಗೆ ಸಸಿಗಳನ್ನಾದರೂ ನೆಡಬಹುದು. ತಾಯಂದಿರು ಮಕ್ಕಳನ್ನು ತೋಟಕ್ಕೆ ಕರೆದೊಯ್ದು ಕೊಬ್ಬರಿಯ ಧಾರಣೆಯ ಜೊತೆಗೆ ಬದುವಿನ ಮರಗಳ ಹೆಸರನ್ನೂ ಕಲಿಸಲಿ. ಮುಂದೆ ಆ ತೋಟವನ್ನು ನೋಡಿಕೊಳ್ಳಬೇಕಾದವರು ಅವರೇ ಅಲ್ಲವೇ?