ಮೀಟರಿನ ಮಿಣುಕು ಹೇಳಿದ ಲೆಕ್ಕ

"ಮಾಷ್ಟ್ರೇ, ಕರೆಂಟು ಬಿಲ್ಲು ಕಟ್ಟಿಯೇ ಸಾಕಾಯ್ತು" ಎಂದರು ಬದಿಯಡ್ಕ ಪೇಟೆಯ ಅಡಿಕೆ ವ್ಯಾಪಾರಿಯೊಬ್ಬರು. ಸಂಜೆ ಮಕ್ಕಳೊಂದಿಗೆ ಅವರ ಆಫೀಸಿಗೆ ಹೋದೆ. ದೀಪ, ಫ್ಯಾನು ಆರಿಸಿದ ಮೇಲೂ ಮೀಟರಿನ ಕೆಂಪು ದೀಪ 30 ಸೆಕೆಂಡಿಗೊಮ್ಮೆ ಮಿಣುಕುತ್ತಿತ್ತು. 3200 ಮಿಣುಕಿಗೆ ಒಂದು ಯೂನಿಟ್ ಎಂದು ಮೀಟರಿನ ಮೇಲೆಯೇ ಬರೆದಿತ್ತು.

ಮಕ್ಕಳು ಲೆಕ್ಕ ಹಾಕಿದರು: ಗಂಟೆಗೆ 120 ಮಿಣುಕು, ಅಂದರೆ 37.5 ವ್ಯಾಟ್. ಬಾಗಿಲು ಮುಚ್ಚಿರುವ 14 ಗಂಟೆಗೆ ಅರ್ಧ ಯೂನಿಟ್. ತಿಂಗಳಿಗೆ 15 ದಾಟಿತು! ಯುಪಿಎಸ್ ನಿಲ್ಲಿಸಿ, ಪ್ರಿಂಟರು, ಕಂಪ್ಯೂಟರಿನ ಪ್ಲಗ್ಗಿನ ಸ್ವಿಚ್ಚು ಆರಿಸಿದೆವು. ಮಿಣುಕು ನಿಂತಿತು. ಕಾಸೂ ಖರ್ಚಾಗಲಿಲ್ಲ.

75 ವ್ಯಾಟಿನ ಹಳೆ ಫ್ಯಾನು ಕೆಟ್ಟಾಗ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನು ಹಾಕಿದರಾಯ್ತು. ಮೊದಲು ಅಳೆಯೋಣ, ಆಮೇಲೆ ಕೊಳ್ಳೋಣ. ನಿಮ್ಮ ಶಾಲಾ ಕಚೇರಿಯ ಮೀಟರನ್ನೂ ಮಕ್ಕಳಿಗೆ ತೋರಿಸಿ. ಅದರ ಮೇಲಿನ ಅಂಕೆ ಬೇರೆ ಇರಬಹುದು, ಓದಿಕೊಳ್ಳಿ.