ಬಿಳಿ ರಕ್ತಕಣಗಳ ದಾನ: ತಿಳಿದಿರಬೇಕಾದ ಕೆಲವು ಸಂಗತಿಗಳು

ರಕ್ತದಾನ ನಮಗೆಲ್ಲ ಗೊತ್ತು. ಡೆಂಗಿ ಜ್ವರದ ದೆಸೆಯಿಂದ ಪ್ಲೇಟ್‌ಲೆಟ್ ದಾನವೂ ಪರಿಚಯವಾಗಿದೆ. ಬಿಳಿ ರಕ್ತಕಣಗಳನ್ನೂ ದಾನ ಮಾಡಬಹುದೆಂಬುದು ಮಾತ್ರ ಅನೇಕರಿಗೆ ತಿಳಿದಿಲ್ಲ. ಮನೆಯಲ್ಲಿ ಕ್ಯಾನ್ಸರ್ ರೋಗಿ ಇದ್ದರೆ ಇದನ್ನು ಅರಿತಿರುವುದು ಒಳ್ಳೆಯದು.

ಬಿಳಿ ಕಣಗಳಲ್ಲಿ ನ್ಯೂಟ್ರೋಫಿಲ್ ಎಂಬ ಬಗೆಯವು ರೋಗಾಣುಗಳನ್ನು ನುಂಗಿ ಕೊಲ್ಲುತ್ತವೆ. ಕಿಮೊಥೆರಪಿಯು ಕ್ಯಾನ್ಸರಿನ ಜೊತೆಗೆ ಮೂಳೆಯೊಳಗಿನ ಮಜ್ಜೆಯನ್ನೂ ಬಾಧಿಸುವುದರಿಂದ ಇವು ಕುಸಿಯುತ್ತವೆ. ಒಂದು ಮೈಕ್ರೊಲೀಟರ್ ರಕ್ತದಲ್ಲಿ ಇವುಗಳ ಸಂಖ್ಯೆ 500ಕ್ಕಿಂತ ಕೆಳಗಿಳಿದರೆ ಸಣ್ಣ ಸೋಂಕೂ ಪ್ರಾಣಕ್ಕೆ ಎರವಾಗಬಹುದು. ಆಂಟಿಬಯೋಟಿಕ್ ಮತ್ತು ಶಿಲೀಂಧ್ರನಾಶಕ ಔಷಧಗಳಿಗೂ ಸೋಂಕು ಬಗ್ಗದಿದ್ದಾಗ, ಮಜ್ಜೆ ಚೇತರಿಸಿಕೊಳ್ಳುವವರೆಗೆ ಆಸರೆಯಾಗಿ ಬೇರೊಬ್ಬರ ಬಿಳಿ ಕಣಗಳನ್ನು ಕೊಡುವುದುಂಟು.

ಇದಕ್ಕೆ ದಾರಿ ಮಾಡಿದ್ದು ರಕ್ತಕಣಗಳನ್ನು ಬೇರ್ಪಡಿಸುವ ಯಂತ್ರ. 1960ರ ದಶಕದಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಡಾ. ಎಮಿಲ್ ಫ್ರೈರೈಕ್ ಅವರೊಡನೆ ಅದನ್ನು ರೂಪಿಸಿದವರು ಐಬಿಎಂ ಕಂಪನಿಯ ಎಂಜಿನಿಯರ್ ಜಾರ್ಜ್ ಜಡ್ಸನ್. ಅವರ ಮಗನಿಗೇ ರಕ್ತದ ಕ್ಯಾನ್ಸರ್ ಇತ್ತು.

ದಾನಿಗೆ ಹಿಂದಿನ ದಿನ ಬಿಳಿ ಕಣ ಹೆಚ್ಚಿಸುವ ಔಷಧ ಕೊಡುತ್ತಾರೆ. ಮೈಕೈ ನೋವು, ತಲೆನೋವು ಬರಬಹುದು. ಮರುದಿನ ಯಂತ್ರದ ಮುಂದೆ ಎರಡು ಮೂರು ಗಂಟೆ ಕೂರಬೇಕು. ಬೇಕಾದ ಕಣಗಳನ್ನು ತೆಗೆದುಕೊಂಡು ಉಳಿದ ರಕ್ತವನ್ನು ದಾನಿಯ ದೇಹಕ್ಕೇ ಮರಳಿಸಲಾಗುತ್ತದೆ. ಸಂಗ್ರಹಿಸಿದ ಕಣಗಳು 24 ಗಂಟೆಯೊಳಗೆ ಬಳಕೆಯಾಗಬೇಕು, ಕೂಡಿಡಲಾಗದು. ರೋಗಿಯ ದೇಹದಲ್ಲಿಯೂ ಅವು ಹೆಚ್ಚು ಕಾಲ ಬಾಳುವುದಿಲ್ಲ. ಆದ್ದರಿಂದ ಹಲವು ದಿನ ಹಲವು ದಾನಿಗಳು ಬೇಕಾಗುತ್ತಾರೆ. ರಕ್ತದ ಗುಂಪೂ ಹೊಂದಬೇಕು.

ಹಾಗೆಂದು ಇದು ರಾಮಬಾಣವಲ್ಲ. 2015ರಲ್ಲಿ ಪ್ರಕಟವಾದ, 114 ರೋಗಿಗಳ ಅಮೆರಿಕದ ಅಧ್ಯಯನದಲ್ಲಿ ಔಷಧ ಮಾತ್ರ ಪಡೆದವರಿಗೂ ಜೊತೆಗೆ ಬಿಳಿ ಕಣ ಪಡೆದವರಿಗೂ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ಹೆಚ್ಚು ಕಣ ಪಡೆದವರು ಕಡಿಮೆ ಪಡೆದವರಿಗಿಂತ ಚೇತರಿಸಿಕೊಂಡಿದ್ದರು. ಆದರೆ ಯೋಜಿಸಿದಷ್ಟು ರೋಗಿಗಳು ಸೇರದ ಕಾರಣ ಅದನ್ನು ಕೊನೆಯ ತೀರ್ಪೆನ್ನಲಾಗದು. ಪಡೆದವರಲ್ಲಿ ಚಳಿಜ್ವರ, ಉಸಿರಾಟದ ತೊಂದರೆಯೂ ಆಗಬಹುದು. ಹೀಗಾಗಿ ವೈದ್ಯರು ಕೆಲವೇ ರೋಗಿಗಳಿಗೆ ಇದನ್ನು ಸೂಚಿಸುತ್ತಾರೆ. ಸೂಚಿಸದಿದ್ದರೆ ಚಿಕಿತ್ಸೆಯಲ್ಲಿ ಕೊರತೆಯಾಯಿತೆಂದು ಮನೆಯವರು ಕೊರಗಬೇಕಿಲ್ಲ.

ಮೂರು ಮಾತು ನೆನಪಿಡಿ. ಕಿಮೊಥೆರಪಿ ಪಡೆಯುವವರಿಗೆ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಮುಂದೆ ಮಜ್ಜೆ ಕಸಿಗೆ ದಾನಿಯಾಗಬಹುದಾದ ಒಡಹುಟ್ಟಿದವರು ವೈದ್ಯರನ್ನು ಕೇಳದೆ ಬಿಳಿ ಕಣ ಕೊಡಬಾರದು. ಆರೋಗ್ಯವಂತ ಯುವಕ ಯುವತಿಯರು ತಮ್ಮ ರಕ್ತದ ಗುಂಪು ತಿಳಿದುಕೊಂಡು ರಕ್ತನಿಧಿಯಲ್ಲಿ ಹೆಸರು ಬರೆಸಿರಲಿ. ಕೂಡಿಡಲಾಗದ ಈ ದಾನಕ್ಕೆ, ಕರೆದಾಗ ಬರುವ ಮನುಷ್ಯರೇ ಆಧಾರ.