ಗೆರೆಯ ಮೇಲಿನ ಕ್ಯಾಮೆರಾ

ಪುಣೆಯ ಕೊಂಢವಾದಲ್ಲಿ ಬೆಳಗ್ಗೆ ಓಡಲು ಹೊರಟವರನ್ನು ನೋಡಿ. ಓಟ ನಿಂತ ಕೂಡಲೇ ಅವರ ಕಣ್ಣು ಕೈಗಡಿಯಾರದ ಕಡೆ ಹೊರಳುತ್ತದೆ. ಅದರೊಳಗಿನ ಸ್ಫಟಿಕದ ಚೂರು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಆ ಕಂಪನಗಳನ್ನು ಎಣಿಸಿಯೇ ಗಡಿಯಾರ ಸಮಯ ಹೇಳುತ್ತದೆ.

ಈ ಊರಿಗೆ ಓಟದ ಹುಚ್ಚು ಹಿಡಿಸಿದವರಲ್ಲಿ ಸುರೇಶ ಕಲ್ಮಾಡಿ ಪ್ರಮುಖರು. ಪುಣೆ ಅಂತರರಾಷ್ಟ್ರೀಯ ಮ್ಯಾರಥಾನ್ 1983ರಲ್ಲಿ ಅವರ ಮುಂದಾಳತ್ವದಲ್ಲಿ ಆರಂಭವಾಯಿತು. ಇಲ್ಲಿನ ಕನ್ನಡ ಸಂಘ ನಡೆಸುವ ಪ್ರೌಢಶಾಲೆಗೆ ಇರುವುದು ಅವರ ತಂದೆ ಡಾ. ಕಲ್ಮಾಡಿ ಶಾಮರಾವ್ ಅವರ ಹೆಸರು. ವಾಯುಪಡೆಯ ಪೈಲಟ್, ಪುಣೆಯ ಸಂಸದ, ರೈಲ್ವೆ ರಾಜ್ಯ ಸಚಿವ, 1996ರಿಂದ 2011ರವರೆಗೆ ಭಾರತೀಯ ಒಲಿಂಪಿಕ್ ಸಂಸ್ಥೆಯ ಅಧ್ಯಕ್ಷ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರಿದ ಬದುಕು ಸುರೇಶ ಕಲ್ಮಾಡಿಯವರದು. ಆ ಏರಿಕೆ ಮುರಿದು ಬಿದ್ದದ್ದು ಕಾಲ ಅಳೆಯುವ ಯಂತ್ರಗಳ ಖರೀದಿಯಲ್ಲಿ. ಹಾಗಾಗಿ ಆ ಯಂತ್ರಗಳು ಮಾಡುವ ಕೆಲಸವನ್ನು ಮೊದಲು ತಿಳಿಯೋಣ.

ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದವನ ಕಣ್ಣು ಕಂಡದ್ದಕ್ಕೆ ಬೆರಳು ಸ್ಪಂದಿಸಲು ಸುಮಾರು 0.2 ಸೆಕೆಂಡು ಬೇಕು. ನೂರು ಮೀಟರ್ ಓಟದಲ್ಲಿ ಅಷ್ಟರೊಳಗೆ ಓಟಗಾರ ಎರಡು ಮೀಟರ್ ದಾಟಿರುತ್ತಾನೆ. ಓಟ ಆರಂಭಿಸುವ ಪಿಸ್ತೂಲಿನಲ್ಲೂ ಒಂದು ಅನ್ಯಾಯ ಅಡಗಿತ್ತು. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಒಂದೊಂದು ಪಥದ ಅಗಲ 1.22 ಮೀಟರ್. ಪಿಸ್ತೂಲು ಮೊದಲನೇ ಪಥದ ಪಕ್ಕದಲ್ಲಿದ್ದರೆ ಎಂಟನೇ ಪಥದವರಿಗೆ ಸದ್ದು 0.025 ಸೆಕೆಂಡು ತಡವಾಗಿ ಕೇಳಿಸುತ್ತದೆ. ಅದಕ್ಕೇ ಈಗ ಪ್ರತಿಯೊಬ್ಬರ ಹಿಂದೆಯೂ ಧ್ವನಿವರ್ಧಕ ಇಡುತ್ತಾರೆ. ಕಾಲೂರುವ ಬ್ಲಾಕಿನಲ್ಲಿರುವ ಸಂವೇದಕ ಪಾದದ ಒತ್ತಡವನ್ನು ಅಳೆಯುತ್ತದೆ. ಸದ್ದಾದ 0.1 ಸೆಕೆಂಡಿನೊಳಗೆ ಕಾಲು ಒತ್ತಿದರೆ ಓಟಗಾರ ಸದ್ದು ಕೇಳುವ ಮೊದಲೇ ಹೊರಟ ಎಂದೇ ಲೆಕ್ಕ.

ಕೊನೆಯ ಗೆರೆಯಲ್ಲಿರುವ ಫೋಟೊ ಫಿನಿಶ್ ಕ್ಯಾಮೆರಾ ಇನ್ನೂ ಸೊಗಸಾದದ್ದು. ಅದು ನೋಡುವುದು ಕೂದಲೆಳೆಯಷ್ಟು ಕಿರಿದಾದ ಒಂದೇ ಸೀಳನ್ನು, ಅಂದರೆ ಆ ಗೆರೆಯನ್ನು ಮಾತ್ರ. ಸೆಕೆಂಡಿಗೆ ಸಾವಿರಾರು ಸಲ ಆ ಸೀಳಿನ ಚಿತ್ರ ತೆಗೆದು ಒಂದರ ಪಕ್ಕ ಒಂದನ್ನು ಜೋಡಿಸುತ್ತದೆ. ಆದ್ದರಿಂದ ಆ ಚಿತ್ರದಲ್ಲಿ ಎಡದಿಂದ ಬಲಕ್ಕೆ ಹರಡಿರುವುದು ಜಾಗವಲ್ಲ, ಕಾಲ. ಗೆರೆಯ ಮೇಲೆ ಊರಿ ನಿಂತ ಪಾದ ಅದರಲ್ಲಿ ಉದ್ದಕ್ಕೆ ಎಳೆದಂತೆ ಕಾಣುತ್ತದೆ. ತಲೆ, ಕೈ, ಕಾಲು ಲೆಕ್ಕಕ್ಕಿಲ್ಲ. ಮುಂಡ ಗೆರೆ ಮುಟ್ಟಿದ ಕ್ಷಣವೇ ಫಲಿತಾಂಶ.

1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ ಪಿ.ಟಿ. ಉಷಾ ತೆಗೆದುಕೊಂಡದ್ದು 55.42 ಸೆಕೆಂಡು. ಕಂಚು ಗೆದ್ದ ರೊಮೇನಿಯಾದ ಕ್ರಿಸ್ಟಿಯಾನಾ ಕೊಜೊಕಾರು ಅವರದು 55.41. ಆ ವೇಗದಲ್ಲಿ ಈ ಅಂತರ ಸುಮಾರು ಏಳು ಸೆಂಟಿಮೀಟರ್, ನಾಲ್ಕು ಬೆರಳಿನ ಅಗಲ. ದೇಶವೇ ಮರುಗಿತು, ಆದರೆ ಫಲಿತಾಂಶವನ್ನು ಒಪ್ಪಿಕೊಂಡಿತು. ಏಕೆಂದರೆ ಕಣ್ಣೆದುರು ಚಿತ್ರವಿತ್ತು.

ಅಳತೆಗೆ ತನ್ನ ಮಿತಿಯ ಅರಿವೂ ಬೇಕು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನ 400 ಮೀಟರ್ ಮೆಡ್ಲೆ ಈಜಿನಲ್ಲಿ ಸ್ವೀಡನ್ನಿನ ಗುನ್ನಾರ್ ಲಾರ್ಸನ್ ಅಮೆರಿಕದ ಟಿಮ್ ಮೆಕ್ಕಿಯನ್ನು ಸೋಲಿಸಿದ್ದು ಸೆಕೆಂಡಿನ ಸಾವಿರ ಭಾಗದಲ್ಲಿ ಎರಡೇ ಭಾಗದಿಂದ. ಅಷ್ಟರಲ್ಲಿ ಈಜುಗಾರ ಸಾಗುವುದು ಸುಮಾರು ಮೂರು ಮಿಲಿಮೀಟರ್. ಕೊಳದ ಗೋಡೆಗಳನ್ನೇ ಅಷ್ಟು ಕರಾರುವಾಕ್ಕಾಗಿ ಕಟ್ಟಲಾಗದು. ಆ ಮೇಲೆ ಈಜಿನ ಫಲಿತಾಂಶವನ್ನು ನೂರನೇ ಭಾಗಕ್ಕೇ ನಿಲ್ಲಿಸಲಾಯಿತು. ಗಡಿಯಾರ ಎಷ್ಟು ಸೂಕ್ಷ್ಮವಾದರೂ ಸುತ್ತಲಿನ ವ್ಯವಸ್ಥೆ ಅದಕ್ಕೆ ತಕ್ಕಂತೆ ಇಲ್ಲದಿದ್ದರೆ ಆ ಅಂಕಿಗೆ ಅರ್ಥವಿಲ್ಲ.

ದೆಹಲಿಯ 2010ರ ಕಾಮನ್‌ವೆಲ್ತ್ ಕ್ರೀಡಾಕೂಟದ ನೆನಪಾಗುವುದು ಇಲ್ಲಿಯೇ. ಸಂಘಟನಾ ಸಮಿತಿಯ ಅಧ್ಯಕ್ಷರು ಕಲ್ಮಾಡಿ. ಸಮಯ, ಅಂಕ ಮತ್ತು ಫಲಿತಾಂಶ ದಾಖಲಿಸುವ ವ್ಯವಸ್ಥೆಯ ಗುತ್ತಿಗೆ ಸುಮಾರು 141 ಕೋಟಿ ರೂಪಾಯಿಗೆ ಸ್ವಿಸ್ ಟೈಮಿಂಗ್ ಕಂಪನಿಗೆ ಹೋಯಿತು. ಪೈಪೋಟಿಯಲ್ಲಿದ್ದ ಬೇರೆ ಕಂಪನಿಗಳನ್ನು ಹೊರಗಿಟ್ಟು ದುಬಾರಿ ದರಕ್ಕೆ ಗುತ್ತಿಗೆ ಕೊಟ್ಟು, ಸರ್ಕಾರಕ್ಕೆ 90 ಕೋಟಿಗೂ ಹೆಚ್ಚು ನಷ್ಟ ಮಾಡಲಾಗಿದೆ ಎಂಬುದು ಸಿಬಿಐ ಆರೋಪ. 2011ರ ಏಪ್ರಿಲ್ 25ರಂದು ಕಲ್ಮಾಡಿಯವರ ಬಂಧನವಾಯಿತು. 2012ರ ಜನವರಿಯಲ್ಲಿ ಜಾಮೀನು ಸಿಕ್ಕಿತು. ಅವರು ಆರೋಪಗಳನ್ನು ಅಲ್ಲಗಳೆದರು. ಅದೇ ಕೂಟದ ಬೇರೆ ಗುತ್ತಿಗೆಗಳಿಗೆ ಸಂಬಂಧಿಸಿದ ಹಣ ಅಕ್ರಮ ವರ್ಗಾವಣೆ ಪ್ರಕರಣದಲ್ಲಿ ಜಾರಿ ನಿರ್ದೇಶನಾಲಯದ ಮುಕ್ತಾಯ ವರದಿಯನ್ನು ದೆಹಲಿಯ ನ್ಯಾಯಾಲಯ 2025ರ ಏಪ್ರಿಲ್‌ನಲ್ಲಿ ಒಪ್ಪಿಕೊಂಡಿತು.

ಓಟದ ತಕರಾರು ಕೆಲವೇ ನಿಮಿಷಗಳಲ್ಲಿ ತೀರುತ್ತದೆ, ಗುತ್ತಿಗೆಯ ತಕರಾರು ವರ್ಷಗಟ್ಟಲೆ ಎಳೆಯುತ್ತದೆ. ಓಟಕ್ಕೆ ಗೆರೆ ಮೊದಲೇ ಎಳೆದಿರುತ್ತದೆ, ದಾಖಲೆ ಆಗಿಂದಾಗಲೇ ಮೂಡುತ್ತದೆ, ಆಕ್ಷೇಪ ಬಂದರೆ ಅದೇ ಚಿತ್ರವನ್ನು ಮತ್ತೆ ತೆರೆಯಬಹುದು. ಕ್ರೀಡಾಸಂಸ್ಥೆಗಳ ಖರೀದಿಗೂ ಈ ಮೂರೂ ಬೇಕು: ಷರತ್ತುಗಳು ಮೊದಲೇ ಪ್ರಕಟವಾಗಲಿ, ಯಾರು ಎಷ್ಟು ದರ ಹೇಳಿದರು, ಯಾರನ್ನು ಏಕೆ ಕೈಬಿಟ್ಟರು ಎಂಬುದು ಅಂದೇ ಎಲ್ಲರಿಗೂ ಕಾಣಲಿ, ಆಕ್ಷೇಪ ಬಂದರೆ ಅದೇ ದಾಖಲೆಯನ್ನು ಮತ್ತೆ ತೆರೆಯುವಂತಿರಲಿ. ಕೂಟ ನಡೆಯುವುದು ನಮ್ಮ ತೆರಿಗೆಯ ಹಣದಲ್ಲಿ. ಕೇಳುವ ಹಕ್ಕು ನಮಗಿದೆ.

ಕಲ್ಮಾಡಿಯವರು ಹದಿನೈದು ವರ್ಷ ಕೂತಿದ್ದ ಒಲಿಂಪಿಕ್ ಸಂಸ್ಥೆಯ ಅಧ್ಯಕ್ಷ ಸ್ಥಾನಕ್ಕೆ 2022ರ ಡಿಸೆಂಬರ್‌ನಲ್ಲಿ ಆಯ್ಕೆಯಾದವರು ಪಿ.ಟಿ. ಉಷಾ. ಆ ಕುರ್ಚಿಗೆ ಬಂದ ಮೊದಲ ಮಹಿಳೆ ಅವರು.